ಸುಟ್ಟ ಮರ ಕಡಿದರೆ ಕಾಡು ಬೇಗ ಚಿಗುರುತ್ತದಾ?

ಪ್ರಶ್ನೆ: ಕಾಳ್ಗಿಚ್ಚಿನಲ್ಲಿ ನಮ್ಮ ಪೈನ್ ಕಾಡು ಸುಟ್ಟಿದೆ. ಮರಗಳು ಕರಕಲಾಗಿ ನಿಂತಿವೆ. ಆಯ್ದು ಕಡಿದು ಮಾರಿದರೆ ದುಡ್ಡೂ ಬರುತ್ತದೆ, ಕಾಡೂ ಬೇಗ ಬೆಳೆಯುತ್ತದೆ ಅಂತಾರೆ. ನಿಜವೇ?

ಉತ್ತರ: ದುಡ್ಡು ಬರುವುದು ನಿಜ. ಎರಡನೇ ಮಾತನ್ನು ಅಷ್ಟು ಸುಲಭವಾಗಿ ನಂಬಬೇಡಿ.

ಮೊದಲು ಸತ್ತಿರುವ ಮರ ಯಾವುದು ಅಂತ ನೋಡಿ. ಎಲೆ ಕಂದಾದ ಮಾತ್ರಕ್ಕೆ ಮರ ಸತ್ತಿತು ಎಂದಲ್ಲ. ಮೊಗ್ಗು ಉಳಿದಿದ್ದರೆ ಮತ್ತೆ ಹಸಿರಾಗಬಹುದು. ಬುಡದ ತೊಗಟೆಯನ್ನು ನಾಲ್ಕೂ ಕಡೆ ಚೂರು ಕೆತ್ತಿ. ಒಳಪದರ ತೇವವಾಗಿ, ಬೆಳ್ಳಗಿದ್ದರೆ ಅಲ್ಲಿ ಜೀವ ಇದೆ. ಅಂಥ ಮರವನ್ನು ಮುಟ್ಟಬೇಡಿ, ಮುಂದೆ ಬೀಜ ಕೊಡುವುದು ಅದೇ.

ನಿಜವಾದ ತಲೆನೋವು ಸಮಯದ್ದು. ಸುಟ್ಟ ಮರಕ್ಕೆ ಬೇಗ ಹುಳು ಬೀಳುತ್ತದೆ, ಬೂಷ್ಟು ಹತ್ತಿ ನೀಲಿ ಕಲೆ ಮೂಡುತ್ತದೆ. ಒಂದೆರಡು ವರ್ಷದಲ್ಲಿ ಬೆಲೆ ಇಳಿದುಬಿಡುತ್ತದೆ. ಸಸಿ ಮೊಳೆಯುವುದೂ ಅದೇ ಹೊತ್ತಿಗೆ! ಅಮೆರಿಕದ ಆರೆಗಾನ್‌ನಲ್ಲಿ 2002ರಲ್ಲಿ ಬಿಸ್ಕಟ್ ಎಂಬ ದೊಡ್ಡ ಕಾಳ್ಗಿಚ್ಚು ಎದ್ದಿತ್ತು. ಅಲ್ಲಿ ಸಸಿಗಳು ತಾವಾಗಿಯೇ ಧಾರಾಳವಾಗಿ ಬಂದಿದ್ದವು. ಆಮೇಲೆ ಮರ ಕಡಿದು ಎಳೆದ ಜಾಗಗಳಲ್ಲಿ ಸಸಿಗಳು ಶೇ 71ರಷ್ಟು ಕಡಿಮೆಯಾದವು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಡಿದವರು ಬಿಟ್ಟುಹೋದ ರೆಂಬೆ-ಕೊಂಬೆ ನೆಲದ ಮೇಲೆ ಒಣಗಿ, ಮುಂದಿನ ಬೆಂಕಿಗೆ ಸೌದೆಯೂ ಆಯಿತು. ಆ ಅಧ್ಯಯನದ ಮೇಲೆ ಜಗಳವೇ ನಡೆಯಿತು ಅನ್ನಿ. ಆದರೂ ಸಸಿ ಮೇಲೆ ದಿಮ್ಮಿ ಎಳೆದರೆ ಸಸಿ ಉಳಿಯಲ್ಲ, ಅಲ್ವಾ?

ಹಾಗಂತ ಮೊದಲೇ ಕಡಿದುಬಿಡೋಣ ಅಂದರೆ, ಬೆಂಕಿ ಬಿದ್ದ ಹೊಸದರಲ್ಲಿ ಮಣ್ಣು ಬೆತ್ತಲಾಗಿರುತ್ತದೆ. ಭಾರದ ಯಂತ್ರ ಓಡಿದರೆ ನೆಲ ಗಟ್ಟಿಯಾಗುತ್ತದೆ. ಜೋರು ಮಳೆಗೆ ಬೂದಿ, ಮಣ್ಣು ಎರಡೂ ಹಳ್ಳ ಸೇರುತ್ತವೆ.

ನನ್ನನ್ನು ಕೇಳಿದರೆ, ದಾರಿ ಪಕ್ಕ, ಮನೆ ಹತ್ತಿರ ಬೀಳುವಂತಿರುವ ಮರಗಳನ್ನು ತೆಗೆಯಿರಿ. ದುಡ್ಡು ಬೇಕೇಬೇಕು ಅಂದರೆ ಸಮತಟ್ಟು ಜಾಗದಲ್ಲಿ, ಸಸಿ ಏಳುವ ಮುಂಚೆ, ನೆಲ ಒಣಗಿರುವಾಗ ಒಂದಿಷ್ಟು ಕಡಿಯಿರಿ. ಕಡಿದಾದ ಇಳಿಜಾರು, ಹಳ್ಳದ ದಂಡೆ ಬೇಡವೇ ಬೇಡ. ದಪ್ಪ ಮರಗಳನ್ನು ಗುಂಪುಗುಂಪಾಗಿ ಹಾಗೇ ಬಿಡಿ. ಅವುಗಳ ಒಳಗೆ ಸೇರುವ ಮರಿಹುಳುಗಳನ್ನು ಹುಡುಕಿಕೊಂಡು ಮರಕುಟಿಗಗಳು ಬರುತ್ತವೆ. ಅವು ಕೊರೆದ ಪೊಟರೆಯಲ್ಲಿ ಆಮೇಲೆ ಬೇರೆ ಹಕ್ಕಿಗಳೂ ಸಂಸಾರ ಹೂಡುತ್ತವೆ. ನಿಂತ ಮರದ ನೆರಳು ಎಳೆ ಸಸಿಗೂ ಬೇಕು.

ನಿಮ್ಮದು ಯಾವ ಜಾತಿಯ ಪೈನ್ ಅಂತ ಬರೆದಿಲ್ಲ. ಲಾಡ್ಜ್‌ಪೋಲ್ ಪೈನ್‌ನ ಎಷ್ಟೋ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿದ್ದು, ಬೆಂಕಿಯ ಬಿಸಿಗೇ ಬಿಚ್ಚಿ ಬೀಜ ಉದುರಿಸುತ್ತವೆ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಬೆಂಕಿ ಬಿದ್ದ ಮೇಲೆ ಎಷ್ಟೋ ಕಡೆ ಕಾಡು ಹೀಗೇ ತಾನಾಗಿ ಎದ್ದಿತು. ಎಲ್ಲ ಪೈನ್‌ಗಳೂ ಹಾಗಲ್ಲ. ಸುತ್ತ ದೂರದವರೆಗೆ ಒಂದೂ ಬೀಜದ ಮರ ಉಳಿದಿಲ್ಲ ಅಂದರೆ ಸಸಿ ನೆಡಬೇಕಾಗಬಹುದು. ಒಂದೆರಡು ಚಿಗುರುಕಾಲ ಕಳೆಯಲಿ, ನೆಲದ ಮೇಲೆ ಕೂತು ಸಸಿ ಎಣಿಸಿ, ಆಮೇಲೆ ಆ ಲೆಕ್ಕ ಹಾಕಿ.