ಮ್ಯೂನಿಕ್‌ಗೆ ಹೊರಡುವ ಮುಂಚೆ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ನಿಮ್ಮ ಪ್ರಶ್ನೆ ಓದಿದೆ. ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಮೈಸೂರಿನಲ್ಲಿ ನೀವಿಬ್ಬರೇ ಡೈರೆಕ್ಟರ್ ಆಗಿರುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ, ಇಲ್ಲಿಗೆ, ಜರ್ಮನಿಗೆ ಬಂದ ಮೇಲೆ ಅದನ್ನು ಇಲ್ಲಿಂದಲೇ ನಡೆಸುವ ಯೋಚನೆ. ವೀಸಾ ಕೆಲಸವೆಲ್ಲ ಅವರ ಆಫೀಸಿನವರೇ ನೋಡಿಕೊಳ್ಳುತ್ತಿದ್ದಾರೆ, ಹಾಗಿದ್ದ ಮೇಲೆ ನಮಗೂ ಬೇರೆ ವಕೀಲರು ಬೇಕಾ ಅಕ್ಕ, ಅಂತ ಕೇಳಿದ್ದೀರಿ. ಬೇಕು. ಆದರೆ ವೀಸಾಗೆ ಅಲ್ಲ, ಕಂಪನಿಗೆ.

ವೀಸಾ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಓದಿದ ವಿದೇಶಿ ನೌಕರರಿಗೆ ಇಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ ಬ್ಲೂ ಕಾರ್ಡ್. ಅದಕ್ಕೆ ವರ್ಷಕ್ಕೆ ಇಷ್ಟು ಸಂಬಳ ಇರಲೇಬೇಕು ಅಂತ ಒಂದು ಮಿತಿ ಇದೆ. 2025ರಲ್ಲಿ ಅದು 48,300 ಯೂರೋ, ಜನ ಸಿಗದ ಕೆಲಸಗಳಿಗೆ ಇನ್ನೂ ಕಡಿಮೆ. ಪ್ರತಿ ವರ್ಷ ಬದಲಾಗುತ್ತದೆ, ನೋಡಿಕೊಳ್ಳಿ. ಬ್ಲೂ ಕಾರ್ಡ್ ಇರುವವರ ಹೆಂಡತಿಯಾಗಿ ಬಂದರೆ ನಿಮಗೂ ಕೆಲಸ ಮಾಡುವ ಹಕ್ಕು ಇರುತ್ತದೆ, ಸ್ವಂತ ವ್ಯವಹಾರವೂ ಮಾಡಬಹುದು. ಇದು ದೊಡ್ಡ ಅನುಕೂಲ.

ಒಂದು ಮಾತು ಮಾತ್ರ ನೆನಪಿರಲಿ. ಆಫೀಸಿನವರು ಇಟ್ಟ ವಕೀಲರು ಆಫೀಸಿನ ವಕೀಲರು. ಒಳ್ಳೆಯವರೇ ಇರಬಹುದು, ಅರ್ಜಿ ಚೆನ್ನಾಗಿಯೇ ತುಂಬಿಕೊಡುತ್ತಾರೆ. ನಾಳೆ ನಿಮಗೂ ಆಫೀಸಿಗೂ ತಕರಾರು ಬಂದರೆ ಅವರು ನಿಮ್ಮ ಪರ ನಿಲ್ಲುವುದಿಲ್ಲ, ನಿಲ್ಲುವ ಹಾಗೂ ಇಲ್ಲ.

ಈಗ ನಿಮ್ಮ ಕಂಪನಿಗೆ ಬರೋಣ. ನನಗೆ ಚಿಂತೆ ಇರುವುದು ಇಲ್ಲೇ. ಭಾರತದ 2013ರ ಕಂಪನಿ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ, ಯಾವ ಕಂಪನಿಗೇ ಆಗಲಿ, ಆ ಹಣಕಾಸು ವರ್ಷದಲ್ಲಿ ಕನಿಷ್ಠ 182 ದಿನ ಭಾರತದಲ್ಲೇ ಇದ್ದ ಒಬ್ಬ ಡೈರೆಕ್ಟರ್ ಆದರೂ ಇರಬೇಕು. ಇರುವ ಇಬ್ಬರೂ ವಿಮಾನ ಹತ್ತಿದರೆ ಅಲ್ಲಿಗೆ ಯಾರಿದ್ದಾರೆ? ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಅಪ್ಪನನ್ನೋ ಅತ್ತೆಯನ್ನೋ ಡೈರೆಕ್ಟರ್ ಮಾಡಿಬಿಡಿ. ದಯವಿಟ್ಟು ಸುಮ್ನೆ ಹೆಸರಿಗೆ ಅಂತ ಹಾಗೆ ಮಾಡಬೇಡಿ. ಡೈರೆಕ್ಟರ್ ಅಂದರೆ ಹೊಣೆಗಾರಿಕೆ. ಸತತ ಮೂರು ವರ್ಷ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಸಲ್ಲಿಸದೆ ಹೋದರೆ ಐದು ವರ್ಷ ಅನರ್ಹರಾಗುತ್ತಾರೆ. ನೋಟಿಸ್ ಬಂದರೆ ಬಾಗಿಲು ತೆಗೆಯುವವರು ಅವರೇ. ವ್ಯವಹಾರ ಗೊತ್ತಿರುವ, ಸಹಿ ಹಾಕುವ ಮುಂಚೆ ಓದುವ ಒಬ್ಬರನ್ನು ಹುಡುಕಿ.

ಜರ್ಮನಿಯ ಕಡೆಯಿಂದ ನೋಡಿದರೆ ತೊಡಕು ಬೇರೆ. ಕೊಟೇಶನ್ ಒಪ್ಪುವುದು, ಜನರನ್ನು ತೆಗೆದುಕೊಳ್ಳುವುದು, ದುಡ್ಡು ಯಾರಿಗೆ ಹೋಗಬೇಕು ಅಂತ ಹೇಳುವುದು, ಇದೆಲ್ಲ ಮ್ಯೂನಿಕ್‌ನ ನಿಮ್ಮ ಅಡುಗೆಮನೆ ಮೇಜಿನಿಂದ ನಡೆಯುತ್ತದೆ ಅಂತಿಟ್ಟುಕೊಳ್ಳಿ. ಆಗ ಇಲ್ಲಿನ ತೆರಿಗೆ ಕಚೇರಿ, ಫಿನಾನ್ಸಾಮ್ಟ್, ಕಂಪನಿಯ ಆಡಳಿತ ನಡೆಯುವುದೇ ಇಲ್ಲಿ, ಇಲ್ಲೂ ತೆರಿಗೆ ಕಟ್ಟಿ ಅಂತ ಕೇಳಬಹುದು. ಎರಡು ದೇಶಗಳ ನಡುವೆ 1995ರಲ್ಲಿ ಸಹಿಯಾದ ತೆರಿಗೆ ಒಪ್ಪಂದ ಇದೆ, ಅದೂ ಆಡಳಿತ ನಿಜವಾಗಿ ಎಲ್ಲಿಂದ ನಡೆಯುತ್ತದೆ ಎಂಬುದನ್ನೇ ನೋಡುತ್ತದೆ. ಬೋರ್ಡ್ ಮೈಸೂರಿನಲ್ಲಿ ತೂಗುಹಾಕಿದ್ದರೆ ಸಾಲದು. ಕಂಪನಿಯಿಂದ ನೀವು ತೆಗೆದುಕೊಳ್ಳುವ ಸಂಬಳಕ್ಕೂ ಇಲ್ಲಿ ಲೆಕ್ಕ ಕೊಡಬೇಕಾಗುತ್ತದೆ. ಪಿಎಫ್ ವಿಷಯಕ್ಕೆ 1 ಮೇ 2017ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತೆ ಒಪ್ಪಂದವೂ ಇದೆ. ಇಲ್ಲಿನ ಪಿಂಚಣಿ ವಂತಿಗೆ ಕಟ್ಟುವುದರಿಂದ ಅದು ಕೊಡುವ 48 ತಿಂಗಳ ವಿನಾಯಿತಿ, ಭಾರತದ ಸಂಸ್ಥೆಯೇ ಇಲ್ಲಿಗೆ ಕಳಿಸಿದ ನೌಕರರಿಗೆ. ಜರ್ಮನ್ ಕಂಪನಿಗೇ ಸೇರುತ್ತಿರುವ ಯಜಮಾನರಿಗೆ ಸಿಗುವುದಿಲ್ಲ. ನಿಮ್ಮ ಮಟ್ಟಿಗೆ ಏನು ಅಂತ ಕೇಳಲೇಬೇಕು.

ಯಾರನ್ನು ಕೇಳುವುದು? ಊರಿನ ನಿಮ್ಮ ಸಿಎ, ಇಲ್ಲಿನ ಒಬ್ಬ ಶ್ಟಾಯರ್‌ಬೆರಾಟರ್, ಅಂದರೆ ತೆರಿಗೆ ಸಲಹೆಗಾರರು. ಇಬ್ಬರನ್ನೂ ಒಂದೇ ಕಾಲ್‌ನಲ್ಲಿ ಕೂರಿಸಿ. ಬೇರೆ ಬೇರೆಯಾಗಿ ಕೇಳಿದರೆ ಇಬ್ಬರೂ ಅವರವರ ದೇಶದ ಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ, ಪೆಟ್ಟು ಬೀಳುವುದು ನಡುವೆ. ಮುಂಚೆಯೇ ಒಂದು ಪುಟ ಬರೆದು ಕಳಿಸಿ: ಯಾರ ಹೆಸರಲ್ಲಿ ಎಷ್ಟು ಷೇರು, ಯಾವ ತಾರೀಖಿನಿಂದ ಯಾರು ಎಲ್ಲಿರುತ್ತಾರೆ, ಗಿರಾಕಿಗಳು ಯಾವ ದೇಶದವರು, ಹಣ ಯಾವ ಖಾತೆಗೆ ಬರುತ್ತದೆ. ಈ ಒಂದು ಪುಟ ಎಷ್ಟೋ ಗಂಟೆಗಳ ಫೀಸು ಉಳಿಸುತ್ತದೆ.

ಮುಂದೆ ಇಲ್ಲೇ ಜಿಎಂಬಿಎಚ್, ಅಂದರೆ ನಮ್ಮ ಪ್ರೈವೇಟ್ ಲಿಮಿಟೆಡ್ ತರಹದ ಕಂಪನಿ ತೆರೆಯುವ ಆಸೆ ಇದ್ದರೆ 25,000 ಯೂರೋ ಬಂಡವಾಳ ಬೇಕು, ನಗದಾಗಿ ಹಾಕುವುದಾದರೆ ನೋಂದಣಿಗೆ ಮುಂಚೆ ಅದರ ಅರ್ಧವಾದರೂ ಕಟ್ಟಿರಬೇಕು. ನೋಟರಿ ಮುಂದೆಯೇ ಆಗಬೇಕು. ನಮ್ಮೂರ ಕೋರ್ಟ್ ಮುಂದೆ ಸೀಲ್ ಒತ್ತಿಕೊಡುವ ನೋಟರಿಯ ಹಾಗಲ್ಲ. ಇಲ್ಲಿ ಅವರು ಇಡೀ ಪತ್ರವನ್ನು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದುತ್ತಾರೆ, ಜರ್ಮನ್ ಬಾರದಿದ್ದರೆ ಅನುವಾದ ಮಾಡಿ ಹೇಳಬೇಕು. ಅವರು ಯಾರ ಪರವೂ ಅಲ್ಲ. ಮೈಸೂರಿನ ಕಂಪನಿಯೇ ಹಣ ಹಾಕುವುದಾದರೆ ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾಯ್ದೆ, ಅದರ ಅಡಿಯ 2022ರ ಹೊರದೇಶ ಹೂಡಿಕೆ ನಿಯಮಗಳು ಬರುತ್ತವೆ, ದುಡ್ಡು ಕಳಿಸುವ ಮುಂಚೆ ಸಿಎಯನ್ನು ಕೇಳಿ.

ಫೀಸಿಗೆ ಹೆದರಬೇಡಿ. ಸ್ವಂತ ವಿಷಯಕ್ಕೆ ವಕೀಲರ ಹತ್ತಿರ ಹೋದರೆ, ಬೇರೆ ಮಾತುಕತೆ ಆಗಿರದಿದ್ದರೆ, ಮೊದಲ ಸಲಹೆಗೆ 190 ಯೂರೋ ಮತ್ತು ತೆರಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಆದರೂ ಕೂರುವ ಮುಂಚೆ ಎಷ್ಟಾಗುತ್ತದೆ ಅಂತ ಬಾಯಿಬಿಟ್ಟು ಕೇಳಿ, ಇಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ವೀಸಾ ಗ್ಯಾರಂಟಿ ಎನ್ನುವವರ ಸಹವಾಸ ಮಾತ್ರ ಬೇಡ.

ಇನ್ನು ಪೋಸ್ಟ್. ಇಲ್ಲಿನ ಕೋರ್ಟ್‌ಗಳಿಂದ, ಕಚೇರಿಗಳಿಂದ ಒಮ್ಮೊಮ್ಮೆ ಹಳದಿ ಲಕೋಟೆ ಬರುತ್ತದೆ. ತಲುಪಿಸಿದ ತಾರೀಖನ್ನು ಪೋಸ್ಟ್‌ಮ್ಯಾನ್ ಅದರ ಮೇಲೆ ಬರೆದಿರುತ್ತಾರೆ. ನೀವು ಮನೆಯಲ್ಲಿ ಇಲ್ಲದಿದ್ದರೂ, ಡಬ್ಬಿಗೆ ಹಾಕಿದರೆ ತಲುಪಿತು ಅಂತಲೇ ಲೆಕ್ಕ, ಗಡುವು ಅಂದಿನಿಂದಲೇ ಶುರು. ಲಕೋಟೆಯನ್ನು ಬಿಸಾಡಬೇಡಿ, ಪತ್ರದ ಜೊತೆಗೇ ಇಡಿ. ಸರ್ಕಾರಿ ಆದೇಶಗಳ ಕೊನೆಯಲ್ಲಿ, ಒಪ್ಪದಿದ್ದರೆ ಎಷ್ಟು ದಿನದೊಳಗೆ ಎಲ್ಲಿಗೆ ಹೋಗಬೇಕು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಭಾಷೆ ಬಾರದಿದ್ದರೂ ಆ ಭಾಗವನ್ನು ಅಂದೇ ಯಾರಿಂದಲಾದರೂ ಓದಿಸಿ.

ದೇವರು ಹಾಗೆ ಮಾಡದಿರಲಿ, ಯಜಮಾನರ ಕೆಲಸ ಹೋದರೆ ಕೋರ್ಟಿಗೆ ಹೋಗಲು ಇರುವುದು ಮೂರೇ ವಾರ, ವಜಾ ಪತ್ರ ಕೈಗೆ ಬಂದ ದಿನದಿಂದ. ಇಮೇಲ್‌ನಲ್ಲಿ ಕಳಿಸಿದ ವಜಾ ಇಲ್ಲಿ ನಡೆಯುವುದಿಲ್ಲ, ಸಹಿ ಮಾಡಿದ ಕಾಗದವೇ ಬೇಕು. ಇಬ್ಬರೂ ಒಪ್ಪಿ ಬಿಡೋಣ ಅಂತ ಒಂದು ಕರಾರು ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಅದರಿಂದ ನಿರುದ್ಯೋಗ ಭತ್ಯೆ 12 ವಾರದವರೆಗೆ ನಿಲ್ಲಬಹುದು. ಮನೆಗೆ ತಂದು, ನಿಮ್ಮದೇ ವಕೀಲರಿಗೆ ತೋರಿಸಿ. ಕೆಲಸ ಬಿಟ್ಟದ್ದನ್ನು ವಿದೇಶೀಯರ ಕಚೇರಿಗೂ ಎರಡು ವಾರದೊಳಗೆ ತಿಳಿಸಬೇಕು. ಫೇರೆ ಇಂಟೆಗ್ರಾಟ್ಸಿಯೋನ್ ಎಂಬ ಸಲಹಾ ಕೇಂದ್ರಗಳು ವಲಸೆ ಬಂದವರಿಗೆ ಕೆಲಸದ ಹಕ್ಕುಗಳ ಬಗ್ಗೆ ಉಚಿತವಾಗಿ ಹೇಳುತ್ತವೆ. ಸಂಕೋಚಪಡದೆ ಹೋಗಿ.

ಊರು ಬಿಡುವ ಮುಂಚೆ ಇನ್ನೆರಡು ಕೆಲಸ. ಬ್ಯಾಂಕಿಗೆ ಹೇಳಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ನೆಲೆಸಿದವರ ರೂಪಾಯಿ ಖಾತೆ ಮಾಡಿಸಿ. ಮನೆ, ಸೈಟು ನೋಡಿಕೊಳ್ಳಲು ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಡುವುದಿದ್ದರೆ ಈಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ಬಂದ ಮೇಲೂ ಮಾಡಬಹುದು, ಮ್ಯೂನಿಕ್‌ನಲ್ಲೇ ನಮ್ಮ ಕಾನ್ಸುಲೇಟ್ ಇದೆ. ಆದರೆ ಆಮೇಲೆ ಪತ್ರ ಊರಿಗೆ ತಲುಪಿ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಅದಕ್ಕೆ ಓಡಾಡುವವರು ವಯಸ್ಸಾದ ಅಪ್ಪನೇ ಆಗಿರುತ್ತಾರೆ. ಯಾವ ಆಸ್ತಿ, ಯಾವ ಕೆಲಸ, ಎಷ್ಟು ಕಾಲ ಅಂತ ಸ್ಪಷ್ಟವಾಗಿ ಬರೆಸಿ, ಮಾರುವ ಅಧಿಕಾರ ಬೇಡವಾದರೆ ಬೇಡ ಅಂತಲೇ ಬರೆಸಿ. ಕರಡು ಸಿದ್ಧವಾದ ಮೇಲೆ ಕಳಿಸಿ, ನಾನೂ ಒಮ್ಮೆ ಓದುತ್ತೇನೆ.