ಸೆಕ್ಯೂರಿಟಿಯವರು ‘ಬರ್ಲಿ ಬರ್ಲಿ’ ಅಂದರು, ರಿವರ್ಸ್ ತೆಗೆದೆ, ಇನ್ನೊಂದು ಕಾರಿಗೆ ತಗುಲಿತು. ಜವಾಬ್ದಾರಿ ಅವರದಲ್ವಾ?

ಅಲ್ಲ. ಸ್ಟೇರಿಂಗ್ ಹಿಡಿದಿದ್ದು ನೀವು. ನನಗೂ ಹೀಗೇ ಆಗಿತ್ತು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

2022ರ ದೀಪಾವಳಿಗೆ ಮುಂಚಿನ ಶನಿವಾರ, ಬೆಂಗಳೂರಿನ ಒಂದು ಮಾಲ್‌ನ ಎರಡನೇ ಬೇಸ್‌ಮೆಂಟು. ಹಿಂದಿನ ಸೀಟಿನ ತುಂಬ ಬಟ್ಟೆ ಚೀಲಗಳು, ಪಕ್ಕದಲ್ಲಿ ನಿದ್ದೆಗೆ ಅಳುತ್ತಿದ್ದ ಮಗಳು. ಸೆಕ್ಯೂರಿಟಿಯವರು ವಿಸಲ್ ಊದುತ್ತಾ ‘ಬರ್ಲಿ, ಇನ್ನೂ ಬರ್ಲಿ’ ಅಂದರು. ನಾನು ಅವರ ಕೈ ಮಾತ್ರ ನೋಡುತ್ತಿದ್ದೆ. ಎದುರು ಸಾಲಿನಿಂದ ಇನ್ನೊಂದು ಕಾರೂ ಅದೇ ಹೊತ್ತಿಗೆ ರಿವರ್ಸ್ ಬಂತು. ಬಂಪರಿಗೆ ಬಂಪರು. ಅವರ ಎಡಗಡೆ ಟೈಲ್ ಲ್ಯಾಂಪ್ ಒಡೆದು, ಕೆಂಪು ಚೂರುಗಳು ನೆಲದ ಹಳದಿ ಗೆರೆಯ ಮೇಲೆ ಬಿದ್ದಿದ್ದು ಇನ್ನೂ ಕಣ್ಣಮುಂದಿದೆ.

ನಾನು ಕೆಟ್ಟಿದ್ದು ಆಮೇಲೆ. ಆರೇಳು ಕಾರು ಹಾರ್ನ್ ಹೊಡೆಯುತ್ತಿದ್ದವು. ‘ಸೈಡಿಗೆ ಹಾಕಿ ಸಾರ್, ಆಮೇಲೆ ಮಾತಾಡ್ಕೊಳ್ಳಿ’ ಅಂದರು ಸೆಕ್ಯೂರಿಟಿಯವರು. ಹಾಕಿಬಿಟ್ಟೆ. ಒಂದೇ ಒಂದು ಫೋಟೋ ತೆಗೆಯಲಿಲ್ಲ. ಫೋನು ಜೇಬಲ್ಲೇ ಇತ್ತು. ಕಾರು ಇದ್ದಲ್ಲೇ ನಾಲ್ಕು ಫೋಟೋ ಹೊಡೆದಿದ್ದರೆ, ಎರಡೂ ಕಾರು ಗೆರೆಯಿಂದ ಎಷ್ಟೆಷ್ಟು ಹೊರಗೆ ಬಂದಿವೆ, ಚಕ್ರ ಎತ್ತ ತಿರುಗಿವೆ, ಅವರ ಬಿಳಿ ರಿವರ್ಸ್ ಲೈಟು ಇನ್ನೂ ಉರಿಯುತ್ತಿದೆ, ಎಲ್ಲ ಕಾಣುತ್ತಿತ್ತು. ಇಪ್ಪತ್ತು ಸೆಕೆಂಡಿನ ಕೆಲಸ. ಸೈಡಿಗೆ ಹಾಕಿದ ಮೇಲೆ ಉಳಿದಿದ್ದು ಬರೀ ಬಾಯಿಮಾತು. ‘ನಾನು ನಿಲ್ಲಿಸ್ಕೊಂಡಿದ್ದೆ, ನೀವೇ ಬಂದು ಗುದ್ದಿದ್ದು’ ಅಂದರು ಆ ಕಾರಿನವರು. ನನ್ನ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ. ಮೂರು ದಿನ ಬಿಟ್ಟು ಸಿಸಿಟಿವಿ ಕೇಳಿದೆ, ಆ ಕಂಬದ ಹತ್ತಿರ ಕ್ಯಾಮೆರಾ ಇಲ್ಲ ಅಂದರು. ಕೈಯಿಂದ 14,000 ರೂಪಾಯಿ ಕೊಟ್ಟೆ. ಇಬ್ಬರೂ ಹಿಂದಕ್ಕೆ ಬಂದಿದ್ದೆವು, ಅರ್ಧ ತಪ್ಪು ಅವರದು ಅಂತ ಈಗಲೂ ಹೇಳುತ್ತೇನೆ.

ಕಾನೂನು ಇಷ್ಟು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ, ಯಾರಿಗೂ ಅಪಾಯ ಆಗಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಡ್ರೈವರ್ ರಿವರ್ಸ್ ತೆಗೆಯುವಂತಿಲ್ಲ. ಆ ಖಾತ್ರಿ ನಮ್ಮ ಕೆಲಸ, ವಿಸಲ್ ಊದುವವರದಲ್ಲ. ‘ಖಾಸಗಿ ಜಾಗ, ಇಲ್ಲಿ ಕಾನೂನು ಬರಲ್ಲ’ ಅಂತಲೂ ಯಾರಾದರೂ ಹೇಳುತ್ತಾರೆ, ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆ ನೋಡುವುದು ಜಾಗ ಯಾರದು ಅಂತಲ್ಲ, ಜನರಿಗೆ ಅಲ್ಲಿ ಹೋಗಿಬರುವ ಹಕ್ಕು ಇದೆಯಾ ಅಂತ.

ಇನ್ಶೂರೆನ್ಸ್‌ನವರಿಗೆ ತಿಳಿಸದೆ ತಪ್ಪು ಒಪ್ಪಿಕೊಳ್ಳಬೇಡಿ, ದುಡ್ಡೂ ಕೊಡಬೇಡಿ. ಪಾಲಿಸಿಯ ಷರತ್ತಿನಲ್ಲೇ ಅದು ಇರುತ್ತದೆ, ನಾನು ಓದಿದ್ದು ದುಡ್ಡು ಕೊಟ್ಟ ಮೇಲೆ. ಥರ್ಡ್ ಪಾರ್ಟಿ ಕ್ಲೇಮ್, ಅಂದರೆ ಗುದ್ದಿದವರ ಇನ್ಶೂರೆನ್ಸ್‌ನಿಂದ ನಷ್ಟ ಕೇಳುವುದು, ಅಪಘಾತ ಪರಿಹಾರದ ಟ್ರಿಬ್ಯುನಲ್‌ಗೆ ಅಲೆದಾಟ. ಅದಕ್ಕೇ ಸಣ್ಣ ಗುದ್ದಿಗೆ ಜಾಸ್ತಿ ಜನ ತಂತಮ್ಮ ಪಾಲಿಸಿಯಲ್ಲೇ ರಿಪೇರಿ ಮಾಡಿಸಿಕೊಳ್ಳುತ್ತಾರೆ. ಆದರೆ ಹಾಗೆ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ನಮ್ಮ ಕಾರಿನ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು 50% ತನಕ ಇರುತ್ತದೆ, ಲೆಕ್ಕ ಹಾಕಿ ನೋಡಿ.

ಆ ಸೆಕ್ಯೂರಿಟಿಯವರ ಮೇಲೆ ಮಾತ್ರ ದೂರು ಕೊಡಬೇಡಿ. ಇಡೀ ದಿನ ಹೊಗೆಯಲ್ಲಿ ನಿಲ್ಲುವ ಮನುಷ್ಯ, ಸಂಬಳಕ್ಕೆ ಕತ್ತರಿ ಬೀಳುತ್ತದೆ. ಬದಲಿಗೆ ಇವತ್ತೇ ಮಾಲ್‌ನವರಿಗೆ ಒಂದು ಇಮೇಲ್ ಹಾಕಿ, ದಿನ, ಹೊತ್ತು, ಕಂಬದ ನಂಬರ್ ಬರೆದು ಆ ಹೊತ್ತಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸದೆ ಇಡಿ ಅಂತ ಕೇಳಿ. ನಾಳೆ ಅನ್ನಬೇಡಿ.