ರೈಲಿನಲ್ಲಿ ಮಾರಿಯೋ ಆಡಬಹುದಾ?

ಪ್ರಶ್ನೆ: ದಿನಾ ಕ್ಯಾತ್ಸಂದ್ರದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಚಿಕ್ಕವನಿದ್ದಾಗ ಟಿವಿಗೆ ಕ್ಯಾಸೆಟ್ ಹಾಕಿ ಆಡುತ್ತಿದ್ದ ಮಾರಿಯೋ ಈಗ ಕೈಯಲ್ಲಿ ಹಿಡಿಯುವ ಪುಟ್ಟ ಕನ್ಸೋಲ್‌ನಲ್ಲೇ ಆಡಬಹುದಂತೆ. ಮೊಬೈಲ್ ಸಾಲದಾ? ಕೊಂಡರೆ ಯಾವುದು?
ಓದುಗ, ತುಮಕೂರು

ಉತ್ತರ: ಮೊಬೈಲ್‌ನಲ್ಲೂ ಎಮ್ಯುಲೇಟರ್ (ಹಳೇ ಕನ್ಸೋಲ್‌ಗಳ ಆಟ ಓಡಿಸುವ ಆ್ಯಪ್) ಹಾಕಿ ಆಡಬಹುದು ಸ್ವಾಮಿ, ಆದರೆ ಗಾಜಿನ ಮೇಲೆ ಬೆರಳು ಜಾರಿಸಿ ಮಾರಿಯೋನ ಹಾರಿಸೋದು ಬರೀ ಗೋಳು, ನಿಜವಾದ ಬಟನ್ನೇ ಬೇಕು. ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್ ಆರ್‌ಜಿ35ಎಕ್ಸ್‌ಎಕ್ಸ್ ಎಂಬ ಎರಡು ಪುಟ್ಟ ಕನ್ಸೋಲ್‌ಗಳಲ್ಲೂ 3.5 ಇಂಚಿನ, 640×480 ಪಿಕ್ಸೆಲ್ ಪರದೆ ಇದೆ. 1989ರಲ್ಲಿ ಬಂದ ಗೇಮ್ ಬಾಯ್ ಎಂಬ ಕೈ ಕನ್ಸೋಲ್‌ನ ಪರದೆ ಬರೀ 160×144. ಅದನ್ನು ಸರಿಯಾಗಿ ಮೂರು ಪಟ್ಟು ಹಿಗ್ಗಿಸಿದರೆ 480×432 ಆಗುತ್ತದೆ, ಈ ಪರದೆಯೊಳಗೆ ಸಲೀಸಾಗಿ ಕೂರುತ್ತದೆ, ಚಿತ್ರ ಮಸುಕಾಗುವುದಿಲ್ಲ. ಮೊದಲ ಪ್ಲೇಸ್ಟೇಷನ್ ಆಟಗಳವರೆಗೂ ಇವು ಸಾಕು. ಪ್ಲೇಸ್ಟೇಷನ್ 2 ಆಸೆ ಇದ್ದರೆ ಇವುಗಳ ಕೈಲಿ ಆಗಲ್ಲ, ಬಲವಾದ ಚಿಪ್ ಬೇಕು, ದುಡ್ಡೂ ಜಾಸ್ತಿ.

ಜೊತೆಗೆ ಬರುವ ಅಗ್ಗದ ಮೆಮೊರಿ ಕಾರ್ಡ್ ಮಾತ್ರ ನಂಬಬೇಡಿ. ನಾನು ಹಿಂದೆ ಕೊಂಡಿದ್ದ ಬೇರೊಂದು ಕನ್ಸೋಲ್‌ನ ಕಾರ್ಡ್ ಎರಡೇ ತಿಂಗಳಿಗೆ ಕೈಕೊಟ್ಟಿತು, ಸೇವ್ ಮಾಡಿದ್ದೆಲ್ಲ ಗೋವಿಂದ! ಕೊಂಡ ದಿನವೇ ಒಳ್ಳೆ ಕಾರ್ಡಿಗೆ ಕಾಪಿ ಮಾಡಿಕೊಳ್ಳಿ. ಇನ್ನು, ಸಾವಿರಾರು ಆಟ ತುಂಬಿಸಿ ಮಾರುತ್ತಾರಲ್ಲ, ಅವುಗಳಲ್ಲಿ ಬಹುಪಾಲು ಅನುಮತಿ ಇಲ್ಲದ ನಕಲು. ಬೋಗಿಯಲ್ಲಿ ಇಯರ್‌ಫೋನ್ ಹಾಕಿಕೊಳ್ಳಿ, ಪಕ್ಕದವರು ನಿದ್ದೆ ಮಾಡ್ತಿರ್ತಾರೆ.